ಮೊದಲ ಸಾಲಿನ ಬಣ್ಣದ ಚುಕ್ಕೆಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಎರಡು ಸಂಚಿಕೆ ಹಿಂದೆ ದೃಷ್ಟಿ ಸಂಶೋಧನೆಯ ಲ್ಯಾಬ್‌ಗಳಲ್ಲಿ ಪರದೆಗಳನ್ನು ಹೇಗೆ ಹೊಂದಿಸುತ್ತಾರೆ ಎಂದು ಬರೆದಿದ್ದೆ. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಹತ್ತೊಂಬತ್ತು ವರ್ಷಗಳಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ಮನುಷ್ಯರ ಕಣ್ಣು ಏನನ್ನು ಕಾಣುತ್ತದೆ, ಎಷ್ಟು ಬೇಗ ಕಾಣುತ್ತದೆ ಎಂದು ತಿಳಿಯಲು ಬರುವವರಿಗೆ ಪರದೆ, ಕತ್ತಲೆ ಕೋಣೆ, ತಂತಿ, ಡಬ್ಬ ಎಲ್ಲ ಸಿದ್ಧಮಾಡಿ ಕೊಡುವುದು. ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಮೈಸೂರಿನ ಪತ್ರಕ್ಕೆ ಈ ಸಲ ಜಾಸ್ತಿ ಜಾಗ ಕೊಟ್ಟಿದ್ದೇನೆ. ಆ ತೊಂದರೆಯಲ್ಲಿ ಇನ್ನೂ ಹಲವರು ಸಿಕ್ಕಿಕೊಂಡಿರುತ್ತಾರೆ ಎಂದು ನನಗೆ ಗೊತ್ತು.

ಪ್ರಶ್ನೆ: ಮೇಡಂ, ನಮ್ಮ ಲ್ಯಾಬ್‌ನಲ್ಲಿ ಹಿರಿಯರು ಬಿಟ್ಟುಹೋದ ಬಿಟ್ಸ್ ಪ್ಲಸ್ ಪ್ಲಸ್ ಇದೆ, ಕಂಪ್ಯೂಟರಿಗೂ ಪರದೆಗೂ ನಡುವೆ ಜೋಡಿಸುವ ಡಬ್ಬ. ಕಾಂಟ್ರಾಸ್ಟ್ (ಬೆಳಕು-ಕತ್ತಲಿನ ವ್ಯತ್ಯಾಸ) ಪ್ರಯೋಗಕ್ಕೆ ಬೇಕೆಂದು ಅದನ್ನು ಹೊಸ ಕಂಪ್ಯೂಟರಿಗೆ ಜೋಡಿಸಿದೆ. ಚಿತ್ರ ಬರುತ್ತದೆ. ಆದರೆ ಪರದೆಯ ತುತ್ತತುದಿಯಲ್ಲಿ, ಎಡಗಡೆಯಿಂದ ಶುರುವಾಗಿ, ಬಣ್ಣಬಣ್ಣದ ಚುಕ್ಕೆಗಳ ತೆಳು ಗೆರೆಯೊಂದು ಕಾಣುತ್ತದೆ. ಹಳೆ ಕಂಪ್ಯೂಟರಿನಲ್ಲಿ ಹೀಗೆ ಇರಲಿಲ್ಲವಂತೆ. ಡಬ್ಬ ಕೆಟ್ಟಿದೆಯಾ? ಗೈಡ್ ಹತ್ತಿರ ಹೇಳಲು ಭಯವಾಗುತ್ತಿದೆ.
ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಭಯ ಬೇಡಮ್ಮಾ. ಡಬ್ಬ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಆ ಚುಕ್ಕೆಗಳು ಕೊಳೆಯೂ ಅಲ್ಲ, ದೋಷವೂ ಅಲ್ಲ. ಅದು ನಿಮ್ಮ ಕಂಪ್ಯೂಟರು ಡಬ್ಬಕ್ಕೆ ಬರೆದ ಕಾಗದ. ಡಬ್ಬಕ್ಕೆ ಅದನ್ನು ಓದಲು ಆಗುತ್ತಿಲ್ಲ, ಅಷ್ಟೇ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಸಾಮಾನ್ಯ ಕಂಪ್ಯೂಟರು ಒಂದು ಬಣ್ಣಕ್ಕೆ 0ರಿಂದ 255ರವರೆಗೆ ಒಟ್ಟು 256 ಮೆಟ್ಟಿಲು ಕೊಡುತ್ತದೆ. ಸಿನಿಮಾ ನೋಡಲು ಇದು ಧಾರಾಳ. ಆದರೆ ನಡುಬೂದು ಬಣ್ಣದ ಮೇಲೆ ತೀರಾ ಮಸುಕಾದ ಪಟ್ಟೆಗಳನ್ನು ತೋರಿಸಿ, ಕಣ್ಣಿಗೆ ಎಲ್ಲಿಂದ ಕಾಣಲು ಶುರುವಾಗುತ್ತದೆ ಎಂದು ನೋಡಬೇಕಾದಾಗ ಸಾಲುವುದಿಲ್ಲ. 256 ಮೆಟ್ಟಿಲಿನಲ್ಲಿ ಒಂದೇ ಒಂದು ಮೆಟ್ಟಿಲು ಏರಿಳಿದರೂ ಹತ್ತಿರಹತ್ತಿರ 0.8% ಕಾಂಟ್ರಾಸ್ಟ್ ಆಗಿಬಿಡುತ್ತದೆ. ಒಳ್ಳೆಯ ಕಣ್ಣು 0.5%ಗಿಂತ ಕಡಿಮೆಯದನ್ನೂ ಗುರುತಿಸಬಲ್ಲದು. ನೀವು ಹುಡುಕುತ್ತಿರುವುದು ಮೊದಲ ಮೆಟ್ಟಿಲಿಗಿಂತ ಕೆಳಗೇ ಇದೆ, ಅಲ್ವಾ? ಅದಕ್ಕೇ ಈ ಡಬ್ಬ. ಅದರೊಳಗೆ 14 ಬಿಟ್, ಅಂದರೆ 16,384 ಮೆಟ್ಟಿಲು.

ಡಬ್ಬದೊಳಗೆ ಒಂದು ಪಟ್ಟಿ ಇರುತ್ತದೆ. ಕಂಪ್ಯೂಟರು 57 ಎಂದರೆ ಎಷ್ಟು ಬೆಳಕು, 58 ಎಂದರೆ ಎಷ್ಟು ಎಂದು 256 ಅಂಕಿಗಳಿಗೂ ಅಲ್ಲಿ ಬರೆದಿರುತ್ತದೆ. ಈ ಪಟ್ಟಿಯನ್ನು ಕಂಪ್ಯೂಟರು ಬೇರೆ ತಂತಿಯಲ್ಲಿ ಕಳಿಸುವುದಿಲ್ಲ. ಚಿತ್ರದ ಮೊದಲ ಸಾಲಿನಲ್ಲೇ, ಸುಮಾರು ಐನೂರು ಪಿಕ್ಸೆಲ್‌ಗಳಲ್ಲಿ, ಬಣ್ಣದ ರೂಪದಲ್ಲಿ ಕಳಿಸುತ್ತದೆ. ಆ ಸಾಲಿನ ಮೊದಲ ಕೆಲವು ಪಿಕ್ಸೆಲ್‌ಗಳು ಬೀಗದ ಕೈ. ಇಂಥದೇ ಅಂಕಿ ಇರಬೇಕು, ಒಂದೂ ಆಚೀಚೆ ಆಗಬಾರದು. ಬಳಸುವವರು ಇದನ್ನು ಟಿ-ಲಾಕ್ ಕೋಡ್ ಎನ್ನುತ್ತಾರೆ. ಕೈ ಹೊಂದಿದರೆ ಡಬ್ಬ ಉಳಿದದ್ದನ್ನು ಪಟ್ಟಿ ಎಂದು ಓದಿಕೊಳ್ಳುತ್ತದೆ. ಹೊಂದದಿದ್ದರೆ ಅದೂ ಚಿತ್ರದ ಭಾಗವೇ ಎಂದು ಪರದೆಗೆ ಕಳಿಸಿಬಿಡುತ್ತದೆ. ನಿಮಗೆ ಕಾಣುತ್ತಿರುವುದು ಇದು.

ಹಾಗಾದರೆ ಅಂಕಿಗಳನ್ನು ದಾರಿಯಲ್ಲಿ ಯಾರೋ ತಿದ್ದುತ್ತಿದ್ದಾರೆ. ಯಾರು? ನಿಮ್ಮ ಹೊಸ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಮತ್ತು ಅದನ್ನು ನಡೆಸುವ ಪ್ರೋಗ್ರಾಮ್, ಅಂದರೆ ಡ್ರೈವರು. ಅವಕ್ಕೆ ಕೆಟ್ಟ ಉದ್ದೇಶವೇನಿಲ್ಲ. ಬಣ್ಣ ಚೆನ್ನಾಗಿ ಕಾಣಲಿ ಎಂದು ನೂರರಲ್ಲಿ ಒಂದಂಕಿ ಏರಿಸುತ್ತವೆ, ಇಳಿಸುತ್ತವೆ. ನಮಗೆ ಅಷ್ಟೇ ಸಾಕು ಕೆಲಸ ಕೆಡಲು.

ಮೊದಲು ಸುಲಭದ್ದನ್ನು ನೋಡಿ. ರಾತ್ರಿ ಹೊತ್ತು ಪರದೆ ಹಳದಿಯಾಗುವ ನೈಟ್ ಲೈಟ್ ಆಫ್ ಮಾಡಿ. ಮಾನಿಟರಿಗೆಂದು ಹಾಕಿರುವ ಕಲರ್ ಪ್ರೊಫೈಲ್ ತೆಗೆದುಹಾಕಿ. ಅಕ್ಷರ ದೊಡ್ಡದಾಗಿ ಕಾಣಲಿ ಎಂದು 125% ಅಥವಾ 150% ಇಟ್ಟಿದ್ದರೆ 100%ಗೆ ತನ್ನಿ. ಪ್ರಯೋಗದ ಕಿಟಕಿ ಪೂರ್ತಿ ಪರದೆ ತುಂಬಿರಬೇಕು. ಅದು ಒಂದು ಸಾಲು ಕೆಳಗಿನಿಂದ ಶುರುವಾದರೂ ಕೋಡ್ ಮೊದಲ ಸಾಲಿನಲ್ಲಿ ಇರುವುದಿಲ್ಲ. ಬಣ್ಣದ ವ್ಯಾಪ್ತಿ ಪೂರ್ಣವಾಗಿ 0ರಿಂದ 255 ಇರಲಿ. ಟಿ.ವಿ.ಗಳಿಗೆ ಕಳಿಸುವಂತೆ 16ರಿಂದ 235 ಇದ್ದರೆ ಆಗುವುದಿಲ್ಲ. ನಡುವೆ ಅಡಾಪ್ಟರ್ ಇದೆಯೇ ನೋಡಿ. ನನ್ನ ಎರಡು ಇಡೀ ದಿನ ಹೋಗಿದ್ದು ಒಂದು ಪುಟ್ಟ ಅಡಾಪ್ಟರಿನಿಂದ. ಅದು ತನ್ನಷ್ಟಕ್ಕೆ ಚಿತ್ರವನ್ನು ಹಿಗ್ಗಿಸಿ ಕಳಿಸುತ್ತಿತ್ತು. ನಾನು ಡಬ್ಬ ಬಿಚ್ಚುವ ಹಂತಕ್ಕೆ ಬಂದಿದ್ದೆ.

ಇಷ್ಟಾದರೂ ಚುಕ್ಕೆ ಹೋಗದಿದ್ದರೆ ಉಳಿದಿರುವುದು ಎರಡು. ಒಂದು, ಕಾರ್ಡಿನೊಳಗಿನ ಗಾಮಾ ಪಟ್ಟಿ, ಅಂದರೆ ಒಳಗೆ ಬಂದ ಅಂಕಿಯನ್ನು ಬೇರೆ ಅಂಕಿಗೆ ಬದಲಿಸಿ ಕಳಿಸುವ ಪಟ್ಟಿ. 100 ಒಳಗೆ ಹೋದರೆ 100 ಆಗಿಯೇ ಹೊರಗೆ ಬರಬೇಕು. ಇಂಥ ಪ್ರಯೋಗಗಳನ್ನು ಬರೆಯಲು ಬಳಸುವ ಸೈಕ್‌ಟೂಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಇದಕ್ಕೆಂದೇ ಲೋಡ್‌ಐಡೆಂಟಿಟಿಕ್ಲಟ್ ಎಂಬ ಆಜ್ಞೆ ಇದೆ. ಬಿಟ್ಸ್‌ಪ್ಲಸ್‌ಐಡೆಂಟಿಟಿಕ್ಲಟ್‌ಟೆಸ್ಟ್ ಎಂಬ ಪರೀಕ್ಷೆಯೂ ಇದೆ. ಅದನ್ನು ಓಡಿಸಿ, ಪರದೆಯ ಮೇಲೆ ಬರುವ ಸೂಚನೆಗಳನ್ನು ನಿಧಾನವಾಗಿ ಓದಿ. ಎರಡನೆಯದು ಡಿದರಿಂಗ್. ಕಾರ್ಡು ಒಂದು ಫ್ರೇಮಿನಲ್ಲಿ 100, ಇನ್ನೊಂದರಲ್ಲಿ 101 ಎಂದು ಕಳಿಸಿ ನಡುವಿನ ಬಣ್ಣದ ಭ್ರಮೆ ಹುಟ್ಟಿಸುವುದು. ಇದು ಸೆಟ್ಟಿಂಗ್‌ಗಳಲ್ಲಿ ಎಲ್ಲ ಕಡೆ ಕಾಣಿಸುವುದಿಲ್ಲ. ಚುಕ್ಕೆಗಳ ಗೆರೆ ಒಮ್ಮೆ ಬಂದು ಒಮ್ಮೆ ಹೋಗುತ್ತಾ ಮಿಣುಗುತ್ತಿದ್ದರೆ ನನಗೆ ಮೊದಲು ಅನುಮಾನ ಬರುವುದು ಇದರ ಮೇಲೇ. ಒಂದು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿ ಅದೇ ಕಂಪ್ಯೂಟರಿನಲ್ಲಿ ನೋಡಿ. ಸೈಕ್‌ಟೂಲ್‌ಬಾಕ್ಸ್ ಬರೆದವರೂ ಇಂಥ ಕೆಲಸಕ್ಕೆ ಲಿನಕ್ಸ್ ಅನ್ನೇ ಮುಂದೆ ಇಡುತ್ತಾರೆ. ಅಲ್ಲಿ ಗೆರೆ ಮಾಯವಾದರೆ ತಪ್ಪು ಮೊದಲಿದ್ದ ಡ್ರೈವರಿನದೋ ಸೆಟ್ಟಿಂಗಿನದೋ, ಡಬ್ಬದ್ದಲ್ಲ.

ಇನ್ನೊಂದು ಮಾತು. ಈ ಡಬ್ಬವನ್ನು ಮೋನೋ ಪ್ಲಸ್ ಪ್ಲಸ್ ರೀತಿಯಲ್ಲೂ ನಡೆಸಬಹುದು. ಅಲ್ಲಿ ಪಟ್ಟಿಯ ಗೋಜಿಲ್ಲ. ಪ್ರತಿ ಪಿಕ್ಸೆಲ್‌ನ ಕೆಂಪು ಮತ್ತು ಹಸಿರನ್ನು ಸೇರಿಸಿ ಡಬ್ಬ ಒಂದೇ ದೊಡ್ಡ ಅಂಕಿ ಮಾಡಿಕೊಳ್ಳುತ್ತದೆ. ಕೆಂಪು ರೂಪಾಯಿ, ಹಸಿರು ಪೈಸೆ ಎಂದುಕೊಳ್ಳಿ. ರೂಪಾಯಿಯ ಜಾಗದಲ್ಲಿ ಒಂದು ಆಚೀಚೆ ಆದರೆ ಪೈಸೆಯ ಲೆಕ್ಕವೆಲ್ಲ ವ್ಯರ್ಥ. ಇಲ್ಲಿ ಅಪಾಯ ಏನೆಂದರೆ, ಕಾರ್ಡು ತಿದ್ದುತ್ತಿದ್ದರೂ ಎಚ್ಚರಿಸಲು ಚುಕ್ಕೆಗಳ ಗೆರೆ ಕಾಣುವುದಿಲ್ಲ. ಚಿತ್ರ ಬೂದಾಗಿ, ಸರಿಯಾಗಿಯೇ ಇದೆ ಅನ್ನಿಸುತ್ತದೆ. ನಿಜ ಹೇಳುತ್ತೇನೆ, ನಿಮ್ಮ ಪರದೆಯಲ್ಲಿ ಆ ಚುಕ್ಕೆಗಳು ಕಂಡದ್ದು ನಿಮ್ಮ ಅದೃಷ್ಟ. ಮೋನೋ ಪ್ಲಸ್ ಪ್ಲಸ್‌ನಲ್ಲಿ ಎಲ್ಲ ಸರಿಯಾದ ಮೇಲೆ ಕಪ್ಪಿನಿಂದ ಬಿಳಿಗೆ ನಿಧಾನವಾಗಿ ಏರುವ ಬೂದು ಪಟ್ಟಿಯೊಂದನ್ನು ತೋರಿಸಿ ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಇನ್ನೂ 8 ಬಿಟ್‌ನಲ್ಲೇ, ಅಂದರೆ 256 ಮೆಟ್ಟಿಲಿನಲ್ಲೇ ಇದ್ದೀರಿ. ಗೈಡ್‌ಗೆ ಇವತ್ತೇ ಹೇಳಿ. ಮುಚ್ಚಿಡುವ ವಿಷಯ ಇದಲ್ಲ.

ಪ್ರಶ್ನೆ: ನಮ್ಮ ವಿಭಾಗಕ್ಕೆ ಹೊಸ 43 ಇಂಚಿನ ಟಿ.ವಿ. ಬಂತು. ಹಳೆ ಮಾನಿಟರಿನಲ್ಲಿ ವಿದ್ಯಾರ್ಥಿಗಳು ಗುಂಡಿ ಒತ್ತುವ ಸಮಯ ಸರಾಸರಿ 310 ಮಿಲಿಸೆಕೆಂಡ್ ಇತ್ತು. ಟಿ.ವಿ.ಯಲ್ಲಿ ಅದೇ ಮಕ್ಕಳು, ಅದೇ ಪ್ರೋಗ್ರಾಮ್, 370 ಬರುತ್ತಿದೆ. ಪರದೆ ದೊಡ್ಡದಾದರೆ ಗಮನ ಚದುರುತ್ತದೆ ಎಂದು ಬರೆಯಬಹುದೇ?
ಮನೋವಿಜ್ಞಾನ ಅಧ್ಯಾಪಕರು, ಧಾರವಾಡ

ಉತ್ತರ: ಸರ್, ದಯವಿಟ್ಟು ಈಗಲೇ ಬರೆಯಬೇಡಿ. ಆ 60 ಮಿಲಿಸೆಕೆಂಡ್ ಮಕ್ಕಳದಲ್ಲ, ಟಿ.ವಿ.ಯದು ಇರಬಹುದು. ಟಿ.ವಿ.ಗಳು ಬಂದ ಚಿತ್ರವನ್ನು ಕೂಡಲೇ ತೋರಿಸುವುದಿಲ್ಲ. ಒಂದೆರಡು ಫ್ರೇಮ್ ಹಿಡಿದಿಟ್ಟುಕೊಂಡು, ಅಂಚು ಚೂಪು ಮಾಡಿ, ಚಲನೆ ನಯಮಾಡಿ ಆಮೇಲೆ ತೋರಿಸುತ್ತವೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡ್. ಮೂರು ಫ್ರೇಮ್ ತಡವಾದರೆ 50. ಪ್ರೋಗ್ರಾಮಿಗೆ ಇದು ಗೊತ್ತೇ ಆಗುವುದಿಲ್ಲ. ಅದು ಬರೆದಿಡುವುದು ಕಾರ್ಡು ಚಿತ್ರ ಕಳಿಸಿದ ಗಳಿಗೆಯನ್ನು. ಬೆಳಕು ಹೊರಬಿದ್ದ ಗಳಿಗೆ ಅದಲ್ಲ.

ಇದನ್ನು ನೀವೇ ಅಳೆಯಬಹುದು. ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿನಲ್ಲಿ ಬಿಪಿಡಬ್ಲ್ಯು34 ಎಂದು ಕೇಳಿ. ಉಗುರಿನಷ್ಟು ಚಿಕ್ಕ ಫೋಟೋಡಯೋಡ್, ಬೆಳಕು ಬಿದ್ದದ್ದನ್ನು ಗುರುತಿಸುತ್ತದೆ. ಹೆಚ್ಚು ಬೆಲೆಯದೇನಲ್ಲ. ಅದನ್ನು ಪರದೆಯ ಮೂಲೆಗೆ ಕಪ್ಪು ಟೇಪಿನಿಂದ ಅಂಟಿಸಿ. ಚಿತ್ರ ಬರುವ ಅದೇ ಫ್ರೇಮಿನಲ್ಲಿ ಆ ಮೂಲೆಗೆ ಒಂದು ಬಿಳಿ ಚೌಕ ತೋರಿಸಿ. ಅದೇ ಹೊತ್ತಿಗೆ ಕಂಪ್ಯೂಟರಿನಿಂದ ಒಂದು ಸಿಗ್ನಲ್ ಕಳಿಸಿ. ನಿಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಸಿಗ್ನಲ್‌ಗಳನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇದ್ದೇ ಇರುತ್ತದೆ. ಎರಡನ್ನೂ ಅದಕ್ಕೆ ಕೊಟ್ಟರೆ ನಡುವಿನ ಅಂತರ ಕಣ್ಣಿಗೇ ಕಾಣುತ್ತದೆ. ಚೌಕ ಎಲ್ಲಿದೆ ಎನ್ನುವುದನ್ನೂ ಗಮನಿಸಿ. ಪರದೆ ಮೇಲಿನಿಂದ ಕೆಳಕ್ಕೆ ತುಂಬುತ್ತಾ ಬರುತ್ತದೆ. 60 ಹರ್ಟ್ಸ್‌ನಲ್ಲಿ ಕೆಳಗಿನ ಸಾಲು ಮೇಲಿನದಕ್ಕಿಂತ ಹೆಚ್ಚುಕಡಿಮೆ ಒಂದು ಪೂರ್ತಿ ಫ್ರೇಮ್ ತಡ.

ನೂರು ಸಲ ಅಳೆಯಿರಿ. ಪ್ರತಿ ಸಲವೂ ಒಂದೇ ತಡ ಬಂದರೆ ಕಳೆದುಬಿಡಬಹುದು. ಒಮ್ಮೆ 40, ಒಮ್ಮೆ 75 ಎಂದು ಕುಣಿಯುತ್ತಿದ್ದರೆ ಆ ಪರದೆಯಲ್ಲಿ ಸಮಯದ ಪ್ರಯೋಗ ಮಾಡಬೇಡಿ. ಮೊದಲು ಟಿ.ವಿ.ಯ ಗೇಮ್ ಮೋಡ್ ಹಾಕಿ ನೋಡಿ, ತಡ ಸಾಕಷ್ಟು ಇಳಿಯುತ್ತದೆ. ಬ್ಲೂಟೂತ್ ಕೀಬೋರ್ಡ್ ಇದ್ದರೆ ತೆಗೆದು ತಂತಿಯದು ಹಾಕಿ.

ನಿಮ್ಮ ಪತ್ರದ ಜೊತೆ ಕಳಿಸಿದ ಪ್ರೋಗ್ರಾಮಿನ ಮೊದಲ ಪುಟದಲ್ಲಿ ಸ್ಕಿಪ್‌ಸಿಂಕ್‌ಟೆಸ್ಟ್ಸ್ 1 ಎಂಬ ಸಾಲು ನೋಡಿದೆ. ಶುರುವಿನ ಪರೀಕ್ಷೆಯಲ್ಲಿ ಪರದೆ ಸೋತರೂ ಮುಂದೆ ಹೋಗು ಎನ್ನುವ ಸಾಲು ಅದು. ಕೆಂಪು ಎಚ್ಚರಿಕೆ ಬರುತ್ತದೆ ಎಂದು ಯಾರೋ ಹಾಕಿದ್ದಾರೆ. ಆ ಪರೀಕ್ಷೆ ಇರುವುದೇ ಪರದೆಯ ಗಡಿಯಾರವನ್ನು ನಂಬಬಹುದೇ ಎಂದು ತಿಳಿಸಲು. ಆ ಸಾಲನ್ನು ಅಳಿಸಿ, ಎಚ್ಚರಿಕೆಗೆ ಕಾರಣ ಹುಡುಕಿ.

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ನಿಮ್ಮ ಲೇಖನದಲ್ಲಿ ಗಾಮಾ ಎಂಬ ಮಾತು ಬಂತು. ನಮ್ಮ ಮಕ್ಕಳಿಗೆ ತೋರಿಸಿ ಹೇಳುವ ಹಾಗೆ ಏನಾದರೂ ಇದೆಯೇ?
ವಿಜ್ಞಾನ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಇದೆ ಮೇಷ್ಟ್ರೇ, ನನಗೆ ಬಹಳ ಇಷ್ಟದ ಪ್ರಯೋಗವೂ ಹೌದು. ಕಂಪ್ಯೂಟರಿನ ಪೇಂಟ್ ಪ್ರೋಗ್ರಾಮಿನಲ್ಲಿ ಒಂದು ಚೌಕ ಮಾಡಿ. ಅದರಲ್ಲಿ ಒಂದು ಸಾಲು ಪೂರ್ತಿ ಕಪ್ಪು, ಮುಂದಿನ ಸಾಲು ಪೂರ್ತಿ ಬಿಳಿ, ಹೀಗೆ ಒಂದೊಂದು ಪಿಕ್ಸೆಲ್ ದಪ್ಪದ ಅಡ್ಡಗೆರೆ ತುಂಬಿ. ಪಕ್ಕದಲ್ಲಿ 128 ಅಂಕಿಯ ಬೂದು ಚೌಕ. ಚಿತ್ರ 100% ಅಳತೆಯಲ್ಲೇ ಇರಲಿ. ಮಕ್ಕಳು ನಾಲ್ಕೈದು ಮೀಟರ್ ದೂರ ನಿಂತು ನೋಡಲಿ. ಗೆರೆಗಳು ಕಲೆತು ಬೂದಾಗಿ ಕಾಣುತ್ತವೆ. ಅರ್ಧ ಕಪ್ಪು ಅರ್ಧ ಬಿಳಿ, ಆದ್ದರಿಂದ ಸರಿಯಾಗಿ ಅರ್ಧ ಬೆಳಕು. 128 ಕೂಡ 255ರ ಅರ್ಧವೇ. ಹಾಗಾದರೆ ಎರಡೂ ಒಂದೇ ಥರ ಕಾಣಬೇಕು ಅಲ್ವಾ? ಕಾಣುವುದಿಲ್ಲ. 128ರ ಚೌಕ ಎದ್ದು ಕಾಣುವಷ್ಟು ಕಪ್ಪಗಿರುತ್ತದೆ. ಅಂಕಿಯನ್ನು ಏರಿಸುತ್ತಾ ಹೋಗಿ. 186ರ ಸುತ್ತ ಎರಡೂ ಒಂದಾಗುತ್ತವೆ.

ಪರದೆ ಅಂಕಿಗೆ ತಕ್ಕ ಹಾಗೆ ನೇರವಾಗಿ ಬೆಳಕು ಕೊಡುವುದಿಲ್ಲ. ಅಂಕಿಯ ಭಾಗವನ್ನು ಸುಮಾರು 2.2ರ ಘಾತಕ್ಕೆ ಏರಿಸಿದಷ್ಟು ಕೊಡುತ್ತದೆ. ಆ 2.2 ಎಂಬುದೇ ಗಾಮಾ. ಲೆಕ್ಕ ಮಾಡಿದರೆ 128ಕ್ಕೆ ಸಿಗುವುದು ಬರೀ 22% ಬೆಳಕು. ಲ್ಯಾಬ್‌ನಲ್ಲಿ ನಾವು ಫೋಟೋಮೀಟರ್ ಇಟ್ಟು ಹದಿನಾರೋ ಮೂವತ್ತೆರಡೋ ಅಂಕಿಗಳಿಗೆ ಎಷ್ಟು ಬೆಳಕು ಬರುತ್ತದೆ ಎಂದು ಅಳೆದು, ತಿರುವುಮುರುವು ಪಟ್ಟಿ ಮಾಡಿ, ಅರ್ಧ ಎಂದರೆ ಅರ್ಧವೇ ಬರುವ ಹಾಗೆ ಸರಿಮಾಡುತ್ತೇವೆ. ಅಳೆಯುವ ಮೊದಲು ಪರದೆ ಒಂದು ಗಂಟೆ ಉರಿದಿರಬೇಕು. ತಣ್ಣಗಿದ್ದಾಗ ಒಂದು ಬೆಳಕು, ಬಿಸಿಯಾದ ಮೇಲೆ ಇನ್ನೊಂದು.

ಈ ಅಳತೆಯ ವಿಷಯದಲ್ಲಿ ನನಗೊಂದು ನೋವಿನ ನೆನಪಿದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ. ಒಂದು ಹೊಸ ಮಾನಿಟರ್ ಬಂದಿತ್ತು. ಗಾಮಾ ಅಳೆದೆ, ಪಟ್ಟಿ ಮಾಡಿದೆ, ಎಲ್ಲ ಚೊಕ್ಕ. ಹದಿನಾಲ್ಕು ಜನ ಬಂದು ಕತ್ತಲೆ ಕೋಣೆಯಲ್ಲಿ ಒಬ್ಬೊಬ್ಬರು ಎರಡು ಗಂಟೆ ಕೂತು ಮಸುಕು ಚಿತ್ರಗಳನ್ನು ನೋಡಿ ಹೋದರು. ಆಮೇಲೆ ಒಂದು ದಿನ ಸುಮ್ನೆ ಒಂದೇ ಬೂದು ಬಣ್ಣವನ್ನು ಮೂರು ಸಲ ಅಳೆದೆ. ಹಿನ್ನೆಲೆ ಬೇರೆ ಬೇರೆ ಇತ್ತು. ಮೂರು ಸಲವೂ ಬೇರೆ ಅಂಕಿ ಬಂತು. ಮಾನಿಟರಿನ ಮೆನುವಿನ ಒಳಗೆಲ್ಲೋ ಡೈನಾಮಿಕ್ ಕಾಂಟ್ರಾಸ್ಟ್ ಎಂಬುದು ಚಾಲೂ ಆಗಿಯೇ ಬಂದಿತ್ತು. ಪರದೆ ಕಪ್ಪಗಾದಾಗ ಹಿಂದಿನ ದೀಪವನ್ನೇ ತಗ್ಗಿಸುತ್ತಿತ್ತು. ಆ ಹದಿನಾಲ್ಕು ಜನರ ಎಲ್ಲ ದತ್ತಾಂಶ ಎಸೆಯಬೇಕಾಯಿತು. ಅವರಲ್ಲಿ ಒಬ್ಬರು ಎರಡು ಬಸ್ಸು ಬದಲಿಸಿ, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತಿದ್ದರು. ಅವರಿಗೆ ಫೋನ್ ಮಾಡಿ ಇನ್ನೊಮ್ಮೆ ಬರುತ್ತೀರಾ ಎಂದು ಕೇಳಿದ್ದು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಹಿನ್ನೆಲೆ ಬದಲಿಸಿ ಅಳೆಯದೆ ಯಾವ ಪರದೆಯನ್ನೂ ಯಾರಿಗೂ ಕೊಟ್ಟಿಲ್ಲ.

ಪ್ರಶ್ನೆ: ವ್ಯೂಪಿಕ್ಸ್, ಡಿಸ್‌ಪ್ಲೇ ಪ್ಲಸ್ ಪ್ಲಸ್‌ನಂಥ, ದೃಷ್ಟಿ ಸಂಶೋಧನೆಗೆಂದೇ ಮಾಡಿದ ಪರದೆಗಳಿಗೆ ನಮ್ಮಲ್ಲಿ ದುಡ್ಡಿಲ್ಲ. ಗೇಮ್ ಆಡುವ 240 ಹರ್ಟ್ಸ್ ಮಾನಿಟರ್ ಸಾಕೇ? ಗುಜರಿಯಲ್ಲಿ ಹಳೆ ಡಬ್ಬದ (ಸಿಆರ್‌ಟಿ) ಮಾನಿಟರ್ ಒಂದು ಸಿಕ್ಕಿದೆ, ಅದು ಒಳ್ಳೆಯದೇ?
ಪಿಎಚ್.ಡಿ. ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಪ್ರಶ್ನೆ ಏನು ಎನ್ನುವುದರ ಮೇಲೆ ನಿಂತಿದೆ. ಗಮನ, ನೆನಪು, ಗುಂಡಿ ಒತ್ತುವ ವೇಗ, ಇವಕ್ಕೆ ಗೇಮ್ ಮಾನಿಟರ್ ಧಾರಾಳ. ಫ್ರೇಮಿನ ಅವಧಿ ಬದಲಾಗುವ ಸೌಲಭ್ಯವನ್ನು ಆಫ್ ಮಾಡಿ, ಪಿಕ್ಸೆಲ್ ಬೇಗ ಬದಲಾಗಲಿ ಎಂದು ತಳ್ಳುವ ಓವರ್‌ಡ್ರೈವ್ ಕಡಿಮೆ ಮಾಡಿ, ಧಾರವಾಡದವರಿಗೆ ಹೇಳಿದ ಹಾಗೆ ಅಳೆದುಕೊಳ್ಳಿ. ದೊಡ್ಡ ಬೆಲೆಯ ಪರದೆಗಳಲ್ಲಿ ನೀವು ಕೊಳ್ಳುವುದು ಮುಖ್ಯವಾಗಿ ಭರವಸೆ. ಸಮಯ ಕುಣಿಯುವುದಿಲ್ಲ, ಮೆಟ್ಟಿಲು ಸಣ್ಣ, ಬೆಳಕು ಮೂಲೆಮೂಲೆಗೂ ಹೆಚ್ಚುಕಡಿಮೆ ಒಂದೇ. ಕಾಂಟ್ರಾಸ್ಟ್ ಅಳೆಯಬೇಕಾಗಿದ್ದೂ ದುಡ್ಡಿಲ್ಲದಿದ್ದರೆ ಉಪಾಯಗಳಿವೆ. 1997ರಲ್ಲಿ ಟೈಲರ್ ವಿವರಿಸಿದ ಬಿಟ್ ಸ್ಟೀಲಿಂಗ್ ಕೆಂಪು, ಹಸಿರು, ನೀಲಿಯನ್ನು ಒಂದೊಂದಾಗಿ ಒಂದೊಂದು ಅಂಕಿ ಏರಿಸಿ ನಡುವಿನ ಬೂದುಗಳನ್ನು ಹುಟ್ಟಿಸುತ್ತದೆ. 2008ರಲ್ಲಿ ಅಲಾರ್ಡ್ ಮತ್ತು ಫೋಬೆರ್ ತಿಳಿಸಿದ ನಾಯ್ಸಿ ಬಿಟ್ ವಿಧಾನ ತುಸು ಗದ್ದಲ ಬೆರೆಸಿ ಮೆಟ್ಟಿಲುಗಳನ್ನು ಕರಗಿಸುತ್ತದೆ. ಎರಡಕ್ಕೂ ಬೇಕಾದ್ದು ಪ್ರೋಗ್ರಾಮ್ ಮಾತ್ರ, ಬಿಟ್ಸ್ ಪ್ಲಸ್ ಪ್ಲಸ್‌ನಂಥ ಡಬ್ಬ ಬೇಡ.

ಡಬ್ಬದ ಮಾನಿಟರ್ ಚೆನ್ನಾಗಿ ಉರಿಯುತ್ತಿದ್ದರೆ ಬಿಡಬೇಡಿ. ಅದರಲ್ಲಿ ಪಿಕ್ಸೆಲ್ ಕೆಲವು ಮಿಲಿಸೆಕೆಂಡ್ ಮಿಂಚಿ ಆರುತ್ತದೆ. ಎಲ್‌ಸಿಡಿ ಫ್ರೇಮ್ ಪೂರ್ತಿ ಉರಿದೇ ಇರುತ್ತದೆ. ಚಲನೆಯ ಪ್ರಯೋಗಗಳಿಗೆ ಆ ಮಿಂಚುವಿಕೆ ಬೇಕು. ಆದರೆ ಹೊಸ ಕಾರ್ಡುಗಳಲ್ಲಿ ಅದಕ್ಕೆ ಬೇಕಾದ ನೀಲಿ ವಿ.ಜಿ.ಎ. ಕಿಂಡಿ ಇರುವುದಿಲ್ಲ. ಹಳೆ ಕಾರ್ಡನ್ನೂ ಹುಡುಕಬೇಕು. ಒಂದು ಮಾತು ಖಂಡಿತ ಕೇಳಿ. ಯಾವ ಕಾರಣಕ್ಕೂ ಅದರ ಹಿಂಬದಿ ಬಿಚ್ಚಬೇಡಿ. ಒಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಉಳಿದಿರಬಹುದು.

ಪ್ರಶ್ನೆ: ಪೊರೆ ಬಂದವರ ಕಾಂಟ್ರಾಸ್ಟ್ ದೃಷ್ಟಿಯನ್ನು ಟ್ಯಾಬ್ಲೆಟ್‌ನಲ್ಲಿ ಪರೀಕ್ಷಿಸಬಹುದೇ?
ಆಪ್ಟೋಮೆಟ್ರಿಸ್ಟ್, ಹುಬ್ಬಳ್ಳಿ

ಉತ್ತರ: ಟ್ಯಾಬ್ಲೆಟ್ಟಿನ ಬೆಳಕು ತಾನಾಗಿ ಏರಿಳಿಯುತ್ತದೆ, ಗಾಜಿನಲ್ಲಿ ಟ್ಯೂಬ್‌ಲೈಟ್ ಕಾಣುತ್ತದೆ, 8 ಬಿಟ್‌ನ ತೊಂದರೆ ಮೇಲೆ ಹೇಳಿಯೇ ಇದ್ದೇನೆ. ಕ್ಲಿನಿಕ್‌ಗೆ ಪೆಲ್ಲಿ-ರಾಬ್ಸನ್ ಚಾರ್ಟ್ ಸಾಕು, ಒಂದೇ ಗಾತ್ರದ ಅಕ್ಷರಗಳು ಮಸುಕಾಗುತ್ತಾ ಹೋಗುವ ಕಾಗದ. ಗೋಡೆಗೆ ತೂಗುಹಾಕಿ, ಬೆಳಕು ಎಲ್ಲೆಡೆ ಸಮನಾಗಿ ಬೀಳುವಂತೆ ನೋಡಿಕೊಳ್ಳಿ. 1988ರಲ್ಲಿ ಬಂದ ಈ ಚಾರ್ಟಿನ ಪೆಲ್ಲಿಯವರೇ ಸೈಕ್‌ಟೂಲ್‌ಬಾಕ್ಸ್ ಕಟ್ಟಿದವರಲ್ಲೂ ಒಬ್ಬರು. ಕಾಗದವನ್ನೂ ಪರದೆಯನ್ನೂ ಒಂದೇ ಶ್ರದ್ಧೆಯಿಂದ ಅಳೆದವರು ಎಂದು ನನಗೆ ಅವರ ಮೇಲೆ ಬಹಳ ಗೌರವ.

ಪ್ರಶ್ನೆ: ಎಲ್ಲರೂ 57 ಸೆಂ.ಮೀ. ದೂರದಲ್ಲೇ ಏಕೆ ಕೂರಿಸುತ್ತಾರೆ? ಕೋಣೆ ಎಷ್ಟು ಕತ್ತಲಿರಬೇಕು?
ಎಂ.ಎಸ್‌ಸಿ. ವಿದ್ಯಾರ್ಥಿನಿ, ಮಂಗಳೂರು

ಉತ್ತರ: 57 ಸೆಂ.ಮೀ. ದೂರದಲ್ಲಿ ಪರದೆಯ 1 ಸೆಂ.ಮೀ. ಕಣ್ಣಿಗೆ 1 ಡಿಗ್ರಿ ಕೋನ ಆಗುತ್ತದೆ. ಲೆಕ್ಕ ಸುಲಭ, ಅಷ್ಟೇ ಕಾರಣ. ಕೈ ಪೂರ್ತಿ ಚಾಚಿದಾಗ ನಿಮ್ಮ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಹೆಬ್ಬೆರಳಿನದು ಸುಮಾರು 2. ದೂರವನ್ನು ಕಣ್ಣಿನಿಂದ ಅಳೆಯಿರಿ, ಗದ್ದ ಇಡುವ ಸ್ಟ್ಯಾಂಡಿನಿಂದಲ್ಲ. ಆ ಸ್ಟ್ಯಾಂಡನ್ನು ನಮ್ಮಲ್ಲಿ ಬಡಗಿಯಿಂದಲೇ ಮಾಡಿಸಿದ್ದು. ಎತ್ತರ ಹೊಂದಿಸುವ ತಿರುಪು ಇದ್ದರೆ ಸಾಕು.

ಕತ್ತಲೆಗೆ ದಪ್ಪ ಕಪ್ಪು ಬಟ್ಟೆ ತೂಗುಹಾಕಿ. ಯು.ಪಿ.ಎಸ್., ಸ್ಪೀಕರ್, ಮಾನಿಟರಿನ ಪುಟ್ಟ ದೀಪಗಳಿಗೆಲ್ಲ ಕಪ್ಪು ಟೇಪು ಹಚ್ಚಿ. ಬಾಗಿಲು ಮುಚ್ಚಿ ಹತ್ತು ನಿಮಿಷ ಒಳಗೆ ನೀವೇ ಕೂತು ನೋಡಿ, ಎಲ್ಲಿಂದ ಬೆಳಕು ಸೋರುತ್ತದೆ ಎಂದು ಆಗ ಗೊತ್ತಾಗುತ್ತದೆ. ಪ್ರಯೋಗದ ದಿನ ಬಿಳಿ ಬಟ್ಟೆ ಹಾಕಿಕೊಂಡು ಹೋಗಬೇಡಿ. ಪರದೆಯ ಬೆಳಕು ಅದಕ್ಕೆ ಬಿದ್ದು ವಾಪಸ್ ಪರದೆಗೇ ಹೊಡೆಯುತ್ತದೆ. ಲ್ಯಾಬ್‌ನ ಬಾಗಿಲ ಹಿಂದೆ ಎರಡು ಕಪ್ಪು ಶಾಲುಗಳನ್ನು ತೂಗುಹಾಕಿದ್ದೇನೆ, ಬಂದವರು ಹೊದ್ದುಕೊಂಡು ಕೂರುತ್ತಾರೆ.